ಹೈಬ್ರಿಡ್ ಕಾರಿಗೆ ಎಷ್ಟು ಭವಿಷ್ಯವಿದೆ?

ಓದುಗರ ಪತ್ರ: ಬ್ಯಾಟರಿ ಕಾರುಗಳ ಕುರಿತು ನೀವು ಪ್ರಕಟಿಸಿದ ಲೇಖನವು, ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟರ್ ಎರಡನ್ನೂ ಬಳಸಿ ಓಡುವ ಹೈಬ್ರಿಡ್ ಕಾರುಗಳನ್ನು ‘ತಾತ್ಕಾಲಿಕ ವ್ಯವಸ್ಥೆ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದೆ. ಒಂದು ದೊಡ್ಡ ಬ್ಯಾಟರಿ ಕಾರಿಗೆ ಬೇಕಾಗುವ ಖನಿಜದಲ್ಲಿ 90 ಹೈಬ್ರಿಡ್ ಕಾರುಗಳನ್ನು ತಯಾರಿಸಬಹುದೆಂದು ಟೊಯೋಟಾ ಲೆಕ್ಕ ಕೊಟ್ಟಿದೆ. ಹಾಗಿದ್ದಲ್ಲಿ ಸದ್ಯಕ್ಕೆ ಹೈಬ್ರಿಡ್ ಬಳಸಿಕೊಂಡು, ಜಲಜನಕದ ಕಾರು ಕೈಗೆಟಕುವವರೆಗೆ ಕಾಯುವುದೇ ವಿವೇಕವಲ್ಲವೇ?

ಸಂಪಾದಕರ ಉತ್ತರ:

ಮೊದಲು ಹೈಬ್ರಿಡ್‌ಗೆ ಸಲ್ಲಬೇಕಾದ ಮನ್ನಣೆ ಸಲ್ಲಲಿ. 1997ರ ಡಿಸೆಂಬರ್‌ನಲ್ಲಿ ಜಪಾನಿನ ಮಾರುಕಟ್ಟೆಗೆ ಬಂದ ಟೊಯೋಟಾ ಪ್ರಿಯಸ್ ಕಾರಿನಲ್ಲಿ, ಮಾಮೂಲಿ ಗೇರ್‌ಬಾಕ್ಸ್ ಇರಬೇಕಾದ ಜಾಗದಲ್ಲಿ ಇದ್ದುದು ಹಲ್ಲುಚಕ್ರಗಳ ಒಂದು ಚಿಕ್ಕ ಜೋಡಣೆ: ನಡುವೆ 30 ಹಲ್ಲುಗಳ ಚಕ್ರ, ಹೊರಗೆ 78 ಹಲ್ಲುಗಳ ಬಳೆ, ಎರಡರ ನಡುವೆ ಉರುಳುವ ಕಿರುಚಕ್ರಗಳು. ಎಂಜಿನ್ ಈ ಕಿರುಚಕ್ರಗಳನ್ನು ಹೊತ್ತ ಚೌಕಟ್ಟನ್ನು ತಿರುಗಿಸುತ್ತದೆ. ಅದರ ತಿರುಚುಬಲದಲ್ಲಿ ಸುಮಾರು ಶೇ 72ರಷ್ಟು ಬಳೆಯ ಮೂಲಕ ಗಾಲಿಗಳ ಕಡೆಗೂ, ಉಳಿದ ಶೇ 28ರಷ್ಟು ನಡುವಿನ ಚಕ್ರದ ಮೂಲಕ ಜನರೇಟರಿಗೂ ಹೋಗುತ್ತದೆ. ಜನರೇಟರಿನ ವೇಗವನ್ನು ಹೆಚ್ಚುಕಡಿಮೆ ಮಾಡಿದರೆ ಸಾಕು, ಕಾರಿನ ವೇಗ ಬದಲಾಗುತ್ತಿದ್ದರೂ ಎಂಜಿನ್ ತನಗೆ ಒಗ್ಗಿದ ವೇಗದಲ್ಲೇ ಓಡುತ್ತಿರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಗೇರು ಬದಲಿಸುವ ಕೆಲಸವೂ ಇಲ್ಲ, ಪ್ರತ್ಯೇಕ ಸ್ಟಾರ್ಟರ್ ಮೋಟರೂ ಇಲ್ಲ, ಏಕೆಂದರೆ ಎಂಜಿನ್ನನ್ನು ಎಬ್ಬಿಸುವ ಕೆಲಸವನ್ನೂ ಆ ಜನರೇಟರೇ ಮಾಡುತ್ತದೆ. ಹೈಬ್ರಿಡ್ ಎಂದರೆ ಪೆಟ್ರೋಲ್ ಕಾರಿಗೆ ಬ್ಯಾಟರಿ ಅಂಟಿಸಿದ್ದು ಎಂದು ಮೂಗು ಮುರಿಯುವವರು ಈ ಜೋಡಣೆಯನ್ನೊಮ್ಮೆ ಬಿಚ್ಚಿ ನೋಡಬೇಕು.

ಆದರೆ ಇಷ್ಟೆಲ್ಲ ಜಾಣ್ಮೆಯೂ ದುಡಿಯುವುದು ಪೆಟ್ರೋಲ್ ಟ್ಯಾಂಕಿನಲ್ಲಿರುವ ಶಕ್ತಿಯ ಮೇಲೆಯೇ. ಬ್ರೇಕ್ ಒತ್ತಿದಾಗ ಬ್ಯಾಟರಿಗೆ ಮರಳುವ ವಿದ್ಯುತ್ತು ಹೊಸ ಆದಾಯವೇನಲ್ಲ. ಪೆಟ್ರೋಲು ಈಗಾಗಲೇ ಕೊಟ್ಟ ಶಕ್ತಿಯಲ್ಲಿ ಪೋಲಾಗಬೇಕಿದ್ದ ಒಂದು ಪಾಲು, ಅಷ್ಟೆ. 2015ರಲ್ಲಿ ಬಂದ ನಾಲ್ಕನೆಯ ತಲೆಮಾರಿನ ಪ್ರಿಯಸ್ ಎಂಜಿನ್ ಶೇ 40ರ ದಕ್ಷತೆಯನ್ನು ಮುಟ್ಟಿತು. ಪೆಟ್ರೋಲ್ ಎಂಜಿನ್ನಿನ ಮಟ್ಟಿಗೆ ಅದು ದೊಡ್ಡ ಸಾಧನೆ. ಆದರೂ ಅದರ ಅತ್ಯುತ್ತಮ ಗಳಿಗೆಯಲ್ಲಿ ಕೂಡ ಇಂಧನದ ಶೇ 60ರಷ್ಟು ಶಕ್ತಿ ಬಿಸಿಯಾಗಿ ಹೊರಗೆ ಹೋಗುತ್ತದೆ. ಇದಕ್ಕಿಂತ ಮುಖ್ಯವಾದ ವ್ಯತ್ಯಾಸವೊಂದಿದೆ. ಇಂದು ಕೊಂಡ ಹೈಬ್ರಿಡ್ ಕಾರು ಕಿಲೋಮೀಟರಿಗೆ ಎಷ್ಟು ಹೊಗೆ ಉಗುಳುತ್ತದೆಯೋ, ಹದಿನೈದು ವರ್ಷದ ನಂತರವೂ ಹೆಚ್ಚುಕಡಿಮೆ ಅಷ್ಟನ್ನೇ ಉಗುಳುತ್ತದೆ. ಬ್ಯಾಟರಿ ಕಾರಾದರೋ, ತನಗೆ ವಿದ್ಯುತ್ ಪೂರೈಸುವ ಜಾಲದಲ್ಲಿ ಕಲ್ಲಿದ್ದಲಿನ ಪಾಲು ಇಳಿದು ಸೌರ, ಪವನ, ಜಲ ವಿದ್ಯುತ್ತಿನ ಪಾಲು ಏರಿದಂತೆ, ತಾನು ಏನೂ ಬದಲಾಗದೆಯೇ ಸ್ವಚ್ಛವಾಗುತ್ತ ಹೋಗುತ್ತದೆ.

ಇನ್ನು 90ರ ಲೆಕ್ಕ. ಇದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ನೂರು ಕಿಲೋಮೀಟರಿಗೆ 6 ಲೀಟರ್ ಕುಡಿಯುವ ಕಾರಿನ ಬದಲು 4 ಲೀಟರ್ ಸಾಕೆನ್ನುವ ಹೈಬ್ರಿಡ್ ಬಂದಿತೆಂದೂ, ವರ್ಷಕ್ಕೆ 15,000 ಕಿಲೋಮೀಟರ್ ಓಡಿತೆಂದೂ ಇಟ್ಟುಕೊಳ್ಳೋಣ. ಒಂದು ಕಾರಿಗೆ ವರ್ಷಕ್ಕೆ 300 ಲೀಟರ್ ಉಳಿತಾಯ, 90 ಕಾರುಗಳಿಗೆ 27,000 ಲೀಟರ್. ಅದೇ ಖನಿಜದಲ್ಲಿ ತಯಾರಾದ ಒಂದು ಬ್ಯಾಟರಿ ಕಾರು ಉಳಿಸುವುದು ಕೇವಲ 900 ಲೀಟರ್. ಖನಿಜದ ದಾಸ್ತಾನು ಇಷ್ಟೇ, ಇನ್ನು ಹೆಚ್ಚಲಾರದು ಎನ್ನುವುದಾದರೆ ಹೈಬ್ರಿಡ್‌ನದೇ ಗೆಲುವು. ಆದರೆ ದಾಸ್ತಾನು ನಿಂತ ನೀರಲ್ಲ. ನಿಕ್ಕೆಲ್ ಮತ್ತು ಕೋಬಾಲ್ಟ್ ಬೇಡದ ಲಿಥಿಯಂ ಕಬ್ಬಿಣ ಫಾಸ್ಫೇಟ್ ಬ್ಯಾಟರಿಗಳು ವ್ಯಾಪಕ ಬಳಕೆಗೆ ಬಂದಿವೆ. 2010ಕ್ಕೆ ಹೋಲಿಸಿದರೆ ಬ್ಯಾಟರಿಯ ಬೆಲೆ ಸುಮಾರು ಹತ್ತನೇ ಒಂದು ಭಾಗಕ್ಕೆ ಇಳಿದಿದೆ. ಹಳೆಯ ಬ್ಯಾಟರಿಯಿಂದ ಲೋಹವನ್ನು ಮರಳಿ ತೆಗೆಯಬಹುದು, ಉರಿದುಹೋದ ಪೆಟ್ರೋಲನ್ನು ತೆಗೆಯಲಾಗದು. ಜೊತೆಗೆ ಆ 90 ಕಾರುಗಳು ವರ್ಷಕ್ಕೆ 54,000 ಲೀಟರ್ ಪೆಟ್ರೋಲನ್ನು ಸುಡುತ್ತಲೇ ಇರುತ್ತವೆ ಎಂಬ ಅಂಕಿಯನ್ನು ಉಳಿತಾಯದ ಲೆಕ್ಕ ಬಾಯಿಬಿಟ್ಟು ಹೇಳುವುದಿಲ್ಲ.

ಗೋಡೆಯ ಪ್ಲಗ್ಗಿನಿಂದಲೂ ಚಾರ್ಜ್ ಮಾಡಬಹುದಾದ ಪ್ಲಗ್-ಇನ್ ಹೈಬ್ರಿಡ್ ಈ ತೊಡಕಿಗೆ ಪರಿಹಾರವೆಂದು ಕಾಣಬಹುದು. ಕಾಗದದ ಮೇಲೆ ಅದು ನಿಜವೂ ಹೌದು. ಆದರೆ ರಸ್ತೆಯಲ್ಲಿರುವ ಕಾರುಗಳಲ್ಲೇ ದಾಖಲಾದ ಇಂಧನ ಬಳಕೆಯನ್ನು ಯುರೋಪಿಯನ್ ಆಯೋಗ ಪರಿಶೀಲಿಸಿದಾಗ, ಇವುಗಳ ನಿಜವಾದ ಹೊರಸೂಸುವಿಕೆ ಪ್ರಯೋಗಾಲಯದ ಅಂಕಿಗಿಂತ ಸರಾಸರಿ ಮೂರೂವರೆ ಪಟ್ಟು ಹೆಚ್ಚಿದೆ ಎಂಬುದು 2024ರಲ್ಲಿ ಪ್ರಕಟವಾಯಿತು. ಮುಖ್ಯ ಕಾರಣ ಸರಳ: ಮಾಲೀಕರು ನಿರೀಕ್ಷಿಸಿದಷ್ಟು ಚಾರ್ಜ್ ಮಾಡುತ್ತಿಲ್ಲ. ಕೇಬಲ್ ಡಿಕ್ಕಿಯಲ್ಲೇ ಉಳಿದರೆ ಅದು ದೊಡ್ಡ ಬ್ಯಾಟರಿಯ ಭಾರ ಹೊತ್ತ ಪೆಟ್ರೋಲ್ ಕಾರು.

ಜಲಜನಕಕ್ಕಾಗಿ ಕಾಯುವ ಸಲಹೆಯನ್ನು ಮಾತ್ರ ನಾವು ಒಪ್ಪಲಾರೆವು. ಒಂದು ಕಿಲೋ ಜಲಜನಕದಲ್ಲಿ ಸುಮಾರು 33 ಯೂನಿಟ್ ಶಕ್ತಿಯಿದೆ. ನೀರನ್ನು ವಿಭಜಿಸಿ ಅದನ್ನು ಪಡೆಯಲು 50ರಿಂದ 55 ಯೂನಿಟ್ ವಿದ್ಯುತ್ ಬೇಕು. ಕಾರಿನ ಟ್ಯಾಂಕಿನಲ್ಲಿ 700 ಬಾರ್ ಒತ್ತಡಕ್ಕೆ ತುಂಬಲು ಮತ್ತಷ್ಟು. ಕಾರಿನಲ್ಲಿರುವ ಇಂಧನ ಕೋಶ ಇದನ್ನು ಪುನಃ ವಿದ್ಯುತ್ತಾಗಿಸುವಾಗ ಅರ್ಧದಷ್ಟು ಬಿಸಿಯಾಗಿ ಕಳೆದುಹೋಗುತ್ತದೆ. ಹೀಗೆ ನೂರು ಯೂನಿಟ್‌ನಲ್ಲಿ ಗಾಲಿಗೆ ದಕ್ಕುವುದು ಮೂವತ್ತರ ಆಸುಪಾಸು. ಅದೇ ವಿದ್ಯುತ್ತನ್ನು ನೇರವಾಗಿ ಬ್ಯಾಟರಿಗೆ ತುಂಬಿದರೆ ಎಪ್ಪತ್ತಕ್ಕೂ ಹೆಚ್ಚು ದಕ್ಕುತ್ತದೆ. ಐದು ನಿಮಿಷದಲ್ಲಿ ಟ್ಯಾಂಕ್ ತುಂಬುವ ಅನುಕೂಲ ನಿಜವಾದದ್ದೇ. ಆದರೆ ಅದಕ್ಕೆ ಬಂಕುಗಳಿರಬೇಕಲ್ಲ! ಟೊಯೋಟಾ ಮಿರಾಯ್ 2014ರಲ್ಲೇ ಮಾರಾಟಕ್ಕೆ ಬಂತು. ಅದಾಗಿ ಹತ್ತು ವರ್ಷಕ್ಕೆ ಶೆಲ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿದ್ದ ಕಾರುಗಳ ಜಲಜನಕ ಬಂಕುಗಳನ್ನು ಮುಚ್ಚಿತು. ಇಂದು ಜಗತ್ತಿನಲ್ಲಿ ತಯಾರಾಗುವ ಜಲಜನಕದ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತದೆ. ಸ್ವಚ್ಛವಾಗಿ ತಯಾರಾಗುವ ಅಲ್ಪಸ್ವಲ್ಪದ ಮೇಲೆ ಗೊಬ್ಬರ ಮತ್ತು ಉಕ್ಕಿನ ಕಾರ್ಖಾನೆಗಳ ಹಕ್ಕು ಮೊದಲಿನದು, ಏಕೆಂದರೆ ಅವುಗಳಿಗೆ ಬ್ಯಾಟರಿಯ ದಾರಿ ತೆರೆದಿಲ್ಲ.

ನಿಮ್ಮ ಕಾರು ರಾತ್ರಿ ನಿಲ್ಲುವ ಜಾಗದಲ್ಲಿ ಪ್ಲಗ್ ಇದ್ದು, ದಿನದ ಓಡಾಟ ಬ್ಯಾಟರಿಯ ಮಿತಿಯೊಳಗೇ ಮುಗಿಯುವುದಾದರೆ ಬ್ಯಾಟರಿ ಕಾರನ್ನೇ ಆರಿಸಿರಿ. ಪ್ಲಗ್ ಸಿಗುವ ಸಂಭವವಿಲ್ಲದಿದ್ದರೆ, ನಗರದೊಳಗೆ ನಿಂತು ನಿಂತು ಸಾಗುವ ಓಡಾಟವೇ ಹೆಚ್ಚಾಗಿದ್ದರೆ, ಸಾದಾ ಹೈಬ್ರಿಡ್ ಇಂದಿಗೂ ಸರಿಯಾದ ಆಯ್ಕೆ; ಬ್ರೇಕಿನಿಂದ ಮರಳುವ ಶಕ್ತಿಯ ಲಾಭ ಸಿಗುವುದು ಅಲ್ಲೇ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಆ ಲಾಭ ಬಹಳಷ್ಟು ಕರಗುತ್ತದೆ ಎಂಬುದನ್ನು ಕೊಳ್ಳುವ ಮೊದಲೇ ಲೆಕ್ಕಕ್ಕೆ ಹಿಡಿಯಿರಿ.