‘ನಮ್ಮಲ್ಲೂ ಇದೆ’ ಅನ್ನುವ ಮೊದಲು

ದಾವಣಗೆರೆಯಿಂದ ನಿವೃತ್ತ ಮೇಷ್ಟ್ರೊಬ್ಬರು ಹೋದ ಸಂಚಿಕೆಯ ಕಬಾಲಾ ಲೇಖನ ಓದಿ ಬರೆದಿದ್ದಾರೆ: “ಯಹೂದಿಗಳ ಈ ಅನುಭಾವದಲ್ಲಿ ಹೊಸದೇನಿದೆ? ಅವರ ‘ಏನ್ ಸೋಫ್’ ನಮ್ಮ ನಿರ್ಗುಣ ಬ್ರಹ್ಮ. ಹತ್ತು ಸೆಫಿರೋತ್ ಅಂದರೆ ನಮ್ಮ ದಶಾವತಾರ. ಎಲ್ಲಾ ನಮ್ಮಲ್ಲೇ ಇರುವಾಗ ನಾಲ್ಕು ಪುಟ ಯಾಕೆ ಹಾಳು ಮಾಡಿದಿರಿ?”

ಮೇಷ್ಟ್ರೇ, ಲೇಖನವನ್ನು ಕೊನೆಯ ಸಾಲಿನವರೆಗೂ ಓದಿದ್ದೀರಿ ಅನ್ನುವುದು ಪತ್ರ ನೋಡಿದರೆ ಗೊತ್ತಾಗುತ್ತದೆ. ಅಂಥ ಓದುಗರು ಸಿಗುವುದೇ ಕಷ್ಟ. ಹೋಲಿಕೆ ಇಲ್ಲ ಅಂತ ನಾನೂ ಹೇಳುವುದಿಲ್ಲ. ಏನ್ ಸೋಫ್ ಅಂದರೆ ಕೊನೆಯಿಲ್ಲದ್ದು, ಮಾತಿಗೆ ಸಿಗದ ದೇವರು. ಅಲ್ಲಿಗೆ ನಿಮ್ಮ ಮಾತು ಸರಿ. ಆದರೆ ಸೆಫಿರೋತ್ ಭೂಮಿಗೆ ಇಳಿದು ಬಂದ ಅವತಾರಗಳಲ್ಲ. ಕರುಣೆ, ಕಟ್ಟುನಿಟ್ಟು, ಸೊಬಗು, ಹೀಗೆ ಒಬ್ಬನೇ ದೇವರು ತೋರಿಕೊಳ್ಳುವ ಹತ್ತು ಬಗೆ. ಎರಡೂ ಕಡೆ ಹತ್ತಿದೆ ಅಂದ ಮಾತ್ರಕ್ಕೆ ಎರಡೂ ಒಂದೇ ಆಗಲ್ಲ, ಅಲ್ವಾ?

1492ರಲ್ಲಿ ಸ್ಪೇನಿನ ರಾಜ ರಾಣಿ ಯಹೂದಿಗಳನ್ನು ದೇಶದಿಂದ ಓಡಿಸಿದರು. ತಲೆತಲಾಂತರದ ಮನೆ, ಅಂಗಡಿ, ಹಿರಿಯರ ಸಮಾಧಿ ಎಲ್ಲ ಬಿಟ್ಟು ಹೊರಟರು. ಚದುರಿದವರಲ್ಲಿ ಕೆಲವರು ಈಗಿನ ಇಸ್ರೇಲಿನ ಉತ್ತರದಲ್ಲಿರುವ ಗಲಿಲಾಯದ ಬೆಟ್ಟದೂರು ಸಫೇದ್ ಸೇರಿದರು. 1570ರಲ್ಲಿ ಕಬಾಲಾದ ಗುರು ಐಸಾಕ್ ಲೂರಿಯಾ ಅಲ್ಲಿಗೆ ಬಂದರು. 1572ರಲ್ಲಿ, 38ನೇ ವಯಸ್ಸಿಗೇ ತೀರಿಕೊಂಡರು. ಅವರು ತಾವಾಗಿ ಬರೆದದ್ದು ತೀರಾ ಕಡಿಮೆ. ಹೇಳಿದ್ದನ್ನು ಶಿಷ್ಯ ಹಯೀಮ್ ವಿಟಾಲ್ ಬರೆದಿಟ್ಟರು.

ಏನು ಹೇಳಿದರು? ಎಲ್ಲೆಲ್ಲೂ ದೇವರೇ ತುಂಬಿದ್ದರೆ ಲೋಕಕ್ಕೆ ಜಾಗ ಎಲ್ಲಿ? ಅದಕ್ಕೇ ದೇವರು ತನ್ನನ್ನು ತಾನೇ ಕುಗ್ಗಿಸಿಕೊಂಡು ಜಾಗ ಬಿಟ್ಟ. ಆ ಖಾಲಿಗೆ ಬೆಳಕು ಹರಿಯಿತು. ಬೆಳಕನ್ನು ಹಿಡಿಯಬೇಕಿದ್ದ ಪಾತ್ರೆಗಳು ತಡೆಯಲಾರದೆ ಒಡೆದವು. ಕಿಡಿಗಳು ಚೂರುಗಳ ಜೊತೆ ಎಲ್ಲೆಲ್ಲೋ ಹೋಗಿ ಬಿದ್ದವು. ಮನುಷ್ಯನ ಒಂದೊಂದು ಪ್ರಾರ್ಥನೆ, ಒಂದೊಂದು ಒಳ್ಳೆಯ ಕೆಲಸ ಒಂದು ಕಿಡಿಯನ್ನು ಎತ್ತಿ ಅದರ ಜಾಗಕ್ಕೆ ಸೇರಿಸುತ್ತದೆ. ಇದು ತಿಕ್ಕುನ್, ಒಡೆದದ್ದನ್ನು ಸರಿಮಾಡುವುದು. ಮನೆ ಕಳೆದುಕೊಂಡ ಜನರ ಕೈಯಲ್ಲಿ ಸೃಷ್ಟಿಯ ಕಥೆಯೇ ಮನೆ ಕಳೆದುಕೊಂಡ ಕಥೆಯಾಯಿತು ಅನ್ನುವುದು ಕಬಾಲಾದ ಇತಿಹಾಸ ಬರೆದ ವಿದ್ವಾಂಸ ಗೆರ್ಶೋಮ್ ಶೋಲೆಮ್ ಅವರ ವಾದ. ಎಲ್ಲ ವಿದ್ವಾಂಸರೂ ಒಪ್ಪುವುದಿಲ್ಲ. ನಾನು ಒಪ್ಪುತ್ತೇನೆ.

ಈ ಶೋಲೆಮ್ ತರುಣರಾಗಿದ್ದಾಗ ಜರ್ಮನಿಯಲ್ಲಿ ಒಬ್ಬ ಹಿರಿಯ ಪಂಡಿತರ ಮನೆಗೆ ಹೋಗಿದ್ದರಂತೆ. ಅಲ್ಲಿ ಕಬಾಲಾ ಹಸ್ತಪ್ರತಿಗಳ ರಾಶಿ. ಇದನ್ನೆಲ್ಲ ಓದಿದ್ದೀರಲ್ಲ ಅಂತ ಇವರು ಖುಷಿಪಟ್ಟರೆ, ಈ ಕಸವನ್ನು ಓದಲೂ ಬೇಕಾ ಅನ್ನುವ ಅರ್ಥದ ಉತ್ತರ ಬಂತಂತೆ. ಆ ಪಂಡಿತರು ಕಸ ಅಂದರು, ನೀವು ನಮ್ಮಲ್ಲೇ ಇದೆ ಅನ್ನುತ್ತೀರಿ. ಎರಡೂ ಮನೆಯಲ್ಲಿ ಪುಸ್ತಕ ಮುಚ್ಚಿಯೇ ಇರುತ್ತದೆ.

ಮುಂಬೈಯಲ್ಲಿ ಕೆಲಸದಲ್ಲಿದ್ದಾಗ ಅಲ್ಲಿನ ಯಹೂದಿ ಸಮುದಾಯವಾದ ಬೆನೆ ಇಸ್ರೇಲ್‌ನ ಗೆಳೆಯರೊಬ್ಬರು ಒಂದು ಶುಕ್ರವಾರ ಸಂಜೆ ನನ್ನನ್ನು ತಮ್ಮ ಪ್ರಾರ್ಥನಾ ಮಂದಿರ ಸಿನಗಾಗ್‌ಗೆ ಕರೆದುಕೊಂಡು ಹೋಗಿದ್ದರು. ಸಬ್ಬತ್, ಅಂದರೆ ಶುಕ್ರವಾರ ಸಂಜೆ ಶುರುವಾಗುವ ವಾರದ ವಿಶ್ರಾಂತಿಯ ದಿನವನ್ನು ಮದುಮಗಳೆಂದು ಕರೆದು ಎದುರುಗೊಳ್ಳುವ ಹಾಡು ಹಾಡುತ್ತಿದ್ದರು. ಅದನ್ನು ಕಟ್ಟಿದವರು ಅದೇ ಸಫೇದಿನ ಶ್ಲೋಮೊ ಅಲ್ಕಬೇಜ್. ಕೊನೆಯ ನುಡಿಗೆ ಎಲ್ಲರೂ ಬಾಗಿಲ ಕಡೆ ತಿರುಗಿದರು. ಪಕ್ಕದಲ್ಲಿದ್ದ ಅಜ್ಜ ಟೋಪಿ ಸರಿಮಾಡಿಕೊಂಡು, ಬೆಂಚು ಹಿಡಿದುಕೊಂಡು ಬಾಗಿದರು. ಬಾಗಿಲಲ್ಲಿ ಯಾರೂ ಇರಲಿಲ್ಲ. ರಸ್ತೆಯಲ್ಲಿ ಬಸ್ಸಿನ ಹಾರನ್ ಕೇಳುತ್ತಿತ್ತು, ಅಷ್ಟೇ. ಆ ಅಜ್ಜನ ಮುಖ ನೋಡಿದ ಮೇಲೆ ‘ಇದು ನಮ್ಮಲ್ಲೂ ಇದೆ’ ಅನ್ನಲು ನನಗೆ ಬಾಯಿ ಬರಲಿಲ್ಲ.

ಸೂಫಿ ಪದ್ಯ ಅಚ್ಚು ಹಾಕಿದಾಗಲೂ ಇಂಥ ಪತ್ರ ಬಂದಿತ್ತು, ಝೆನ್ ಕಥೆಗಳಿಗೂ ಬಂದಿತ್ತು. ಅನುವಾದಕರು ವರ್ಷಗಟ್ಟಲೆ ಕೂತು ಕನ್ನಡಕ್ಕೆ ತರುತ್ತಾರೆ. ನಾವು ಒಂದೇ ಮಾತಲ್ಲಿ ವಾಪಸ್ ಕಳಿಸುತ್ತೇವೆ. ಬೇರೆ ದೇಶದ ಒಬ್ಬರು ಬಸವಣ್ಣನವರ ನಾಲ್ಕು ವಚನ ಓದಿ, ಇದು ನಮ್ಮಲ್ಲೂ ಇದೆ ಅಂತ ಪುಸ್ತಕ ಮುಚ್ಚಿದರೆ? ಕಲ್ಯಾಣದಲ್ಲಿ ಏನಾಯಿತು ಅಂತ ಒಂದು ಮಾತೂ ಕೇಳದೆ ಎದ್ದು ಹೋದರೆ? ನಿಮಗೆ ಹೊಟ್ಟೆ ಉರಿಯುವುದಿಲ್ಲವಾ ಮೇಷ್ಟ್ರೇ?

ಮುಂದಿನ ಸಂಚಿಕೆಯಲ್ಲಿ ಸಬ್ಬತೈ ಜ್ವಿಯ ಕಥೆ ಬರುತ್ತಿದೆ. 1665ರಲ್ಲಿ ಯಹೂದಿಗಳು ಕಾಯುತ್ತಿದ್ದ ಉದ್ಧಾರಕ, ಮೆಸ್ಸೀಯ, ಬಂದೇಬಿಟ್ಟ ಅಂತ ಊರೂರೇ ಅವನನ್ನು ನಂಬಿತು. ಮರುವರ್ಷ ಅವನು ತುರ್ಕಿ ಸುಲ್ತಾನನ ಆಸ್ಥಾನದಲ್ಲಿ ಇಸ್ಲಾಂಗೆ ಸೇರಿದ. ಈ ಸಲ ಆರು ಪುಟ ಕೊಟ್ಟಿದ್ದೇನೆ. ಪೂರ್ತಿ ಓದಿ, ಮತ್ತೆ ಬರೆಯಿರಿ.