ಯಾವ ವಾಲ್ವ್ ಅಂತ ಮೊದಲು ಕೇಳಿಕೊಳ್ಳಿ

ಪ್ರಶ್ನೆ: ಮೇಡಂ, ನಾನು ವಿಜಯಪುರದವನು. ಪುಣೆ ಹತ್ತಿರದ ಚಾಕಣದ ಒಂದು ಕಾರ್ಖಾನೆಯಲ್ಲಿ ಇಂಗ್ಲಿಷಿನಲ್ಲಿ ಮಷೀನ್ ಮ್ಯಾನ್ಯುಯಲ್ ಬರೆಯುತ್ತೇನೆ. ಬರೆದ ಪುಟವೆಲ್ಲ ಕೆಂಪು ಗುರುತು ಬಿದ್ದು ವಾಪಸ್ ಬರುತ್ತದೆ. ಜಾಸ್ತಿ ತಪ್ಪು ‘ಎ’, ‘ಆ್ಯನ್’, ‘ದಿ’ಗಳದ್ದೇ. ಗ್ರಾಮರ್ ಪುಸ್ತಕ ಎರಡು ಸಲ ಓದಿದೆ. ಬರೆಯಲು ಕೂತರೆ ಒಂದೂ ನೆನಪಿಗೆ ಬರುವುದಿಲ್ಲ. ಇವನ್ನು ಪೂರ್ತಿ ಬಿಟ್ಟುಬಿಟ್ಟರೆ ಏನಾಗುತ್ತದೆ? ಅರ್ಥವಂತೂ ಆಗುತ್ತದೆ ಅಲ್ವಾ?
– ಓದುಗ, ಚಾಕಣ

ಉತ್ತರ: ಆಗುತ್ತದೆ ಅಂತ ನಾನೂ ಅಂದುಕೊಂಡಿದ್ದೆ.

ಭೋಸರಿಯಲ್ಲಿ ನಾನು ಪಂಪ್ ಮ್ಯಾನ್ಯುಯಲ್ ಬರೆಯಲು ಸೇರಿದ ಮೊದಲ ವರ್ಷ. ‘ಕ್ಲೋಸ್ ವಾಲ್ವ್ ಅಂಡ್ ಸ್ಟಾರ್ಟ್ ಪಂಪ್’ ಅಂತ ಬರೆದಿದ್ದೆ. ಸೆಂಟ್ರಿಫ್ಯೂಗಲ್ ಪಂಪಿಗೆ ಎರಡು ಕಡೆ ವಾಲ್ವ್ ಇರುತ್ತದೆ. ನೀರು ಒಳಗೆ ಬರುವ ಕಡೆ ಸಕ್ಷನ್ ವಾಲ್ವ್, ಹೊರಗೆ ಹೋಗುವ ಕಡೆ ಡಿಸ್ಚಾರ್ಜ್ ವಾಲ್ವ್. ಶುರು ಮಾಡುವಾಗ ಡಿಸ್ಚಾರ್ಜ್ ಮುಚ್ಚಿರಬೇಕು, ಮೋಟರಿಗೆ ಲೋಡ್ ಕಡಿಮೆ ಬೀಳಲಿ ಅಂತ. ಸಕ್ಷನ್ ಪೂರ್ತಿ ತೆರೆದಿರಬೇಕು. ಗಿರಾಕಿಯ ಕಡೆಯ ಹೊಸ ಫಿಟರ್ ಹುಡುಗ ನನ್ನ ಪುಟ ಓದಿ ಸಕ್ಷನ್ ಮುಚ್ಚಿದ. ಪಂಪ್ ನೀರಿಲ್ಲದೆ ಓಡಿತು. ನೀರು ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಹಾಳಾಯಿತು. ಸರ್ವಿಸಿನವರು ಆ ಸೀಲನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಕಾರ್ಬನ್ ಮುಖದ ತುಂಬ ಗೀರು, ರಬ್ಬರ್ ಬೆಂದು ಗಟ್ಟಿಯಾಗಿತ್ತು. ಮೂಸಿದರೆ ಸುಟ್ಟ ವಾಸನೆ. ಆ ಹುಡುಗನದ್ದು ಏನೂ ತಪ್ಪಿರಲಿಲ್ಲ. ನಾನು ಹೇಳಿದ್ದನ್ನೇ ಅವನು ಮಾಡಿದ್ದ.

ಬರೀ ‘ದಿ’ ಹಾಕಿದ್ದರೆ ಸೀಲ್ ಉಳಿಯುತ್ತಿತ್ತಾ? ಇಲ್ಲ. ಆದರೆ ‘ದಿ’ ಹಾಕಲು ಹೊರಟಾಗ ಕೈ ಅಲ್ಲಿ ನಿಲ್ಲುತ್ತಿತ್ತು. ‘ದಿ’ ಅಂದರೆ ‘ಯಾವುದು ಅಂತ ನಿನಗೂ ಗೊತ್ತು, ನನಗೂ ಗೊತ್ತು’ ಅಂತ ಓದುವವನಿಗೆ ಹೇಳಿದ ಹಾಗೆ. ಹಾಗಾದರೆ ಯಾವ ವಾಲ್ವ್? ಈ ಪ್ರಶ್ನೆಯನ್ನು ನಾನು ಕೇಳಿಕೊಂಡಿದ್ದರೆ ‘ಕ್ಲೋಸ್ ದಿ ಡಿಸ್ಚಾರ್ಜ್ ವಾಲ್ವ್’ ಅಂತ ತಾನಾಗಿ ಬರುತ್ತಿತ್ತು. ನಿಮಗೆ ‘ಎ’ ಹಾಕಬೇಕೋ ‘ದಿ’ ಹಾಕಬೇಕೋ ತಿಳಿಯದಿದ್ದರೆ, ಬಹಳ ಸಲ ತೊಂದರೆ ಇಂಗ್ಲಿಷಿನದ್ದಲ್ಲ. ಮಷೀನಿನಲ್ಲಿ ಆ ಭಾಗ ಒಂದಿದೆಯೋ ನಾಲ್ಕಿದೆಯೋ ಅನ್ನುವುದೇ ತಿಳಿದಿರುವುದಿಲ್ಲ. ಅಂಥ ಹೊತ್ತಿನಲ್ಲಿ ಗ್ರಾಮರ್ ಪುಸ್ತಕ ಮುಚ್ಚಿಟ್ಟು ಶಾಪ್ ಫ್ಲೋರಿಗೆ ಇಳಿಯಿರಿ. ನೋಡಿಕೊಂಡು ಬಂದು ಬರೆಯಿರಿ.

ಇನ್ನೊಂದು ಮಾತು. ಕನ್ನಡದಲ್ಲಿ ‘ಎ’, ‘ದಿ’ ಇಲ್ಲ ನಿಜ. ನಿಮ್ಮ ಪಕ್ಕದಲ್ಲಿ ಕೂರುವ ಮರಾಠಿಯವರಿಗೂ ಇಲ್ಲ. ಆದರೆ ಆ ವ್ಯತ್ಯಾಸ ನಮಗೆ ಚಿಕ್ಕಂದಿನಿಂದ ಗೊತ್ತು. ‘ಮೇಜಿನ ಮೇಲೆ ಸ್ಪ್ಯಾನರ್ ಇದೆ’ ಅನ್ನಿ. ಆಮೇಲೆ ‘ಸ್ಪ್ಯಾನರ್ ಮೇಜಿನ ಮೇಲಿದೆ’ ಅನ್ನಿ. ಮೊದಲನೆಯದು ಯಾವುದೋ ಒಂದು ಸ್ಪ್ಯಾನರ್. ಎರಡನೆಯದು ನೀವು ಆಗಿನಿಂದ ಹುಡುಕುತ್ತಿರುವ ಸ್ಪ್ಯಾನರ್. ಇಂಗ್ಲಿಷಿಗೆ ಹೋದರೆ ಮೊದಲನೆಯದಕ್ಕೆ ‘ಎ’, ಎರಡನೆಯದಕ್ಕೆ ‘ದಿ’. ‘ಬೋಲ್ಟ್ ತೆಗೆದುಕೊಂಡು ಬಾ’ ಅಂದರೆ ಯಾವುದಾದರೂ ಆದೀತು. ‘ಬೋಲ್ಟನ್ನು ತೆಗೆದುಕೊಂಡು ಬಾ’ ಅಂದರೆ ಸಾಮಾನ್ಯವಾಗಿ ಇಬ್ಬರಿಗೂ ಗೊತ್ತಿರುವ ಬೋಲ್ಟ್. ನಾನು ವರ್ಷಗಟ್ಟಲೆ ಮಾಡಿದ್ದು ಇದನ್ನೇ. ಅನುಮಾನ ಬಂದ ವಾಕ್ಯವನ್ನು ಪಕ್ಕದ ಹಾಳೆಯಲ್ಲಿ ಕನ್ನಡದಲ್ಲಿ ಬರೆದು ನೋಡುತ್ತಿದ್ದೆ. ‘ಅನ್ನು’ ಬೇಕು ಅನಿಸಿದರೆ ‘ದಿ’, ‘ಯಾವುದಾದರೂ ಒಂದು’ ಅನಿಸಿದರೆ ‘ಎ’.

ಇದು ಕೈಕೊಡುವ ಜಾಗವೂ ಇದೆ. ಹೆಸರು ಆದ ಕೂಡಲೇ ನಂಬರ್ ಬಂದರೆ ಏನೂ ಬೇಡ: ‘ಫಿಗರ್ 3’, ‘ಸ್ಟೆಪ್ 4’. ಎಣಿಸಲು ಬಾರದ್ದಕ್ಕೆ ‘ಎ’ ಹತ್ತುವುದಿಲ್ಲ. ನಮ್ಮ ಆಫೀಸುಗಳಲ್ಲಿ ಎಲ್ಲರ ಬಾಯಲ್ಲೂ ಇರುವ ‘ಆ್ಯನ್ ಇಕ್ವಿಪ್‌ಮೆಂಟ್’, ‘ಎ ಸಾಫ್ಟ್‌ವೇರ್’ ಎರಡೂ ತಪ್ಪು.

ಬಿಟ್ಟುಬಿಟ್ಟರೆ ಏನು ಅಂತ ಕೇಳಿದ್ದೀರಿ. ಎಎಸ್‌ಡಿ-ಎಸ್‌ಟಿಇ100 ಅಂತ ಒಂದು ನಿಯಮಾವಳಿ ಇದೆ. 1980ರ ದಶಕದಲ್ಲಿ ಯುರೋಪಿನ ವಿಮಾನ ಉದ್ಯಮದವರು ರಿಪೇರಿ ಮ್ಯಾನ್ಯುಯಲ್‌ಗಳಿಗಾಗಿ ಶುರು ಮಾಡಿದ ಸರಳ ಇಂಗ್ಲಿಷ್ ಅದು. ಅದರಲ್ಲಿ ಕೆಲಸದ ಸೂಚನೆ ಹೇಳುವ ವಾಕ್ಯ 20 ಪದ ದಾಟುವಂತಿಲ್ಲ. ಅಷ್ಟು ಬಿಗಿ ಇದ್ದರೂ, ಪದ ಉಳಿಸಲು ‘ಎ’, ‘ದಿ’ ಕಿತ್ತುಹಾಕಬೇಡಿ ಅನ್ನುತ್ತದೆ. ನಿಮ್ಮ ಮ್ಯಾನ್ಯುಯಲ್ ನಾಳೆ ಜರ್ಮನ್‌ಗೆ ಹೋಗಬಹುದು. ಪುಣೆಯಲ್ಲಿ ಅದು ದಿನದ ಕೆಲಸ. ಜರ್ಮನ್‌ನಲ್ಲಿ ಇವು ಇಲ್ಲದೆ ನಡೆಯುವುದಿಲ್ಲ. ನೀವು ಬಿಟ್ಟದ್ದನ್ನು ಅನುವಾದಕ ಊಹೆ ಮಾಡಿ ತುಂಬಬೇಕು, ಅವನು ನಿಮ್ಮ ಪಂಪನ್ನು ಕಣ್ಣಿಂದ ನೋಡಿಯೂ ಇರುವುದಿಲ್ಲ.

ಪ್ರಶ್ನೆ: ಗೋವಾದ ವೆರ್ಣಾದ ಕಾರ್ಖಾನೆಗಳಲ್ಲಿ ಕೆಲಸ ಮಾಡುವ ನಮ್ಮ ಉತ್ತರ ಕರ್ನಾಟಕದವರಿಗಾಗಿ ಸುರಕ್ಷತೆಯ ಬೋರ್ಡುಗಳನ್ನು ಕನ್ನಡಕ್ಕೆ ಮಾಡಿಕೊಡುತ್ತೇನೆ. ‘ಎ’ಗೆ ‘ಒಂದು’, ‘ದಿ’ಗೆ ‘ಆ’ ಹಾಕಬೇಕಾ?
– ಓದುಗರು, ವಾಸ್ಕೊ

ಉತ್ತರ: ಹಾಕಬೇಡಿ. ‘ವೇರ್ ಎ ಹೆಲ್ಮೆಟ್’ ಅಂದರೆ ‘ಹೆಲ್ಮೆಟ್ ಹಾಕಿಕೊಳ್ಳಿ’, ಅಷ್ಟೇ. ಕನ್ನಡದ ‘ಒಂದು’ ಲೆಕ್ಕ ಹೇಳುತ್ತದೆ. ‘ಒಂದು ವಾಷರ್ ಹಾಕಿ’ ಅಂದರೆ ಓದುವವರು ಒಂದೇ ಹಾಕುತ್ತಾರೆ. ಲೆಕ್ಕ ನಿಜವಾಗಿ ಬೇಕಾದಲ್ಲಿ ಮಾತ್ರ ಅದನ್ನು ಬಳಸಿ.

‘ಆ’ ಇನ್ನೂ ಅಪಾಯ. ‘ಡೋಂಟ್ ಟಚ್ ದಿ ಪ್ಯಾನೆಲ್’ ಅನ್ನುವ ಬೋರ್ಡನ್ನು ಪ್ಯಾನೆಲ್ಲಿಗೇ ಅಂಟಿಸುತ್ತಾರೆ. ಅಲ್ಲಿ ‘ಆ ಪ್ಯಾನೆಲ್ ಮುಟ್ಟಬೇಡಿ’ ಅಂತ ಬರೆದರೆ, ಓದುವವನ ಕಣ್ಣು ದೂರದ ಇನ್ನೊಂದು ಪ್ಯಾನೆಲ್ ಕಡೆ ಹೋಗುತ್ತದೆ. ಕೈ ಇದರ ಮೇಲೆಯೇ ಇರುತ್ತದೆ. ‘ಈ ಪ್ಯಾನೆಲ್ ಮುಟ್ಟಬೇಡಿ’ ಅಂತ ಬರೆಯಿರಿ. ಬರೆಯುವ ಮೊದಲು ಬೋರ್ಡ್ ಎಲ್ಲಿ ಬರುತ್ತದೆ ಅಂತ ದಯವಿಟ್ಟು ಕೇಳಿ.

ಪ್ರಶ್ನೆ: ‘ಎಲ್‌ಇಡಿ’ಗೆ ಮೊದಲು ‘ಎ’ನಾ, ‘ಆ್ಯನ್’ನಾ? ನಾನು ‘ಎ’ ಬರೆದರೆ ಸರ್ ಹೊಡೆದು ಹಾಕುತ್ತಾರೆ.
– ಡಿಪ್ಲೊಮಾ ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ನಿಮ್ಮ ಸರ್ ಹೇಳಿದ್ದು ಸರಿ, ‘ಆ್ಯನ್ ಎಲ್‌ಇಡಿ’. ಇಲ್ಲಿ ನೋಡಬೇಕಾದ್ದು ಅಕ್ಷರವನ್ನಲ್ಲ, ಬಾಯಿಂದ ಬರುವ ಮೊದಲ ಸದ್ದನ್ನು. ಅದು ಸ್ವರ ಆಗಿದ್ದರೆ ‘ಆ್ಯನ್’. ನಮ್ಮವರಿಗೆ ಇದರಲ್ಲಿ ಒಂದು ತೊಡಕು ಇದೆ. ನಾವು ‘ಎಲ್’ ಅನ್ನುವಾಗ ಬಹಳ ಸಲ ‘ಯೆಲ್’ ಅನ್ನುತ್ತೇವೆ, ‘ಓ’ ಹೋಗಿ ‘ವೋ’ ಆಗುತ್ತದೆ. ಹಾಗಾಗಿ ನಮ್ಮ ಕಿವಿಗೆ ‘ಎ ಯೆಲ್ಲೀಡಿ’, ‘ಎ ವೋ-ರಿಂಗ್’ ಸರಿ ಕೇಳಿಸುತ್ತದೆ. ಆ ಯಕಾರ, ವಕಾರ ಇಂಗ್ಲಿಷಿನವರ ಬಾಯಲ್ಲಿ ಇಲ್ಲ. ಅವನ್ನು ಬಿಟ್ಟು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿ: ಆ್ಯನ್ ಎಲ್‌ಇಡಿ, ಆ್ಯನ್ ಓ-ರಿಂಗ್, ಆ್ಯನ್ ಎಂ8 ಬೋಲ್ಟ್. ‘ಯುಎಸ್‌ಬಿ’ಯಲ್ಲಿ ಮಾತ್ರ ಯಕಾರ ನಿಜವಾಗಿಯೂ ಇದೆ. ಅದಕ್ಕೇ ಅದು ‘ಎ ಯುಎಸ್‌ಬಿ ಕೇಬಲ್’.