ಮೆಂಬ್ರೇನ್ ಬದಲಿಸುವ ಮುಂಚೆ ಒಂದು ಮಗ್, ಒಂದು ಗಡಿಯಾರ

ನಮಸ್ಕಾರ ಸರ್. ನೀವು ಬರೆದಿದ್ದು ನನಗೆ ಅರ್ಥವಾಗಿದ್ದು ಹೀಗೆ: ಎಂಟು ತಿಂಗಳ ಹಿಂದೆ ಅಕ್ವೇರಿಯಂಗೆ ಅಂತ ಹಾಕಿಸಿದ ಆರ್‌ಒ ಯೂನಿಟ್. ಅದರಲ್ಲಿ ಸಾಲಾಗಿ ಕೆಸರು ಹಿಡಿಯುವ ಸೆಡಿಮೆಂಟ್ ಫಿಲ್ಟರ್, ಕ್ಲೋರಿನ್ ತೆಗೆಯುವ ಕಾರ್ಬನ್, ಉಪ್ಪು ತಡೆಯುವ 75 ಜಿಪಿಡಿ (ದಿನಕ್ಕೆ 75 ಗ್ಯಾಲನ್) ಮೆಂಬ್ರೇನ್, ಕೊನೆಗೆ ಉಳಿದ ಉಪ್ಪನ್ನೂ ಹೀರುವ ರೆಸಿನ್ ತುಂಬಿದ ಡಿಐ. ನಲ್ಲಿ ನೀರಿನ ಟಿಡಿಎಸ್, ಅಂದರೆ ಕರಗಿದ ಉಪ್ಪಿನಂಶದ ಅಳತೆ, 320. ಮೆಂಬ್ರೇನ್ ದಾಟಿದ ನೀರು ಮೊದಲು 9 ತೋರಿಸುತ್ತಿತ್ತು, ಈಗ 42. ಡ್ರಮ್ ತುಂಬಲು ಮೊದಲಿನ ಎರಡರಷ್ಟು ಹೊತ್ತು ಬೇಕು. ಡಿಐ ರೆಸಿನ್ ಬೇಗ ಬೇಗ ಬಣ್ಣ ಬದಲಿಸುತ್ತಿದೆ. ಹೊಸ ಮೆಂಬ್ರೇನ್ ತರಲೇ ಅಂತ ಕೇಳಿದ್ದೀರಿ. ಸ್ವಲ್ಪ ತಡೆಯಿರಿ.

ಮೊದಲು ಲೆಕ್ಕ. 320ರಲ್ಲಿ 9 ಉಳಿದರೆ ಮೆಂಬ್ರೇನ್ ಶೇ. 97ರಷ್ಟು ತಡೆಯುತ್ತಿದೆ. 42 ಉಳಿದರೆ ಶೇ. 87. ಇದು ಕಮ್ಮಿಯೇ, ನಿಮ್ಮ ಅನುಮಾನ ಸುಳ್ಳಲ್ಲ. ರೆಸಿನ್ ಬೇಗ ಖಾಲಿಯಾಗುವುದಕ್ಕೂ ಇದೇ ಕಾರಣ: ಅದರ ಮೇಲೆ ಈಗ ನಾಲ್ಕು ಪಟ್ಟಿಗಿಂತ ಜಾಸ್ತಿ ಹೊರೆ ಬೀಳುತ್ತಿದೆ. ರೆಸಿನ್ ಮಾರಿದವರನ್ನು ಬೈದು ಪ್ರಯೋಜನವಿಲ್ಲ.

ಆದರೆ ನಿಮ್ಮಲ್ಲಿ ಟಿಡಿಎಸ್ ಏರಿದ್ದಷ್ಟೇ ಅಲ್ಲ, ನೀರು ಬರುವುದೂ ನಿಧಾನವಾಗಿದೆ. ಇವೆರಡೂ ಒಟ್ಟಿಗೆ ಬಂದರೆ ನಾನು ಮೊದಲು ನೋಡುವುದು ಒತ್ತಡ. ಒತ್ತಡ ಇಳಿದರೆ ಮೆಂಬ್ರೇನ್ ದಾಟುವ ನೀರು ಕಮ್ಮಿಯಾಗುತ್ತದೆ, ಉಪ್ಪು ಮಾತ್ರ ಹೆಚ್ಚುಕಮ್ಮಿ ಅದೇ ವೇಗದಲ್ಲಿ ಜಿನುಗುತ್ತಲೇ ಇರುತ್ತದೆ. ಅಷ್ಟೇ ಉಪ್ಪು, ಕಮ್ಮಿ ನೀರು. ಮೀಟರ್ ಏರದೆ ಇನ್ನೇನಾಗುತ್ತದೆ? ಕ್ಲೋರಿನ್ ತಿಂದು ಹಾಳಾದ ಮೆಂಬ್ರೇನ್ ಆಗಿದ್ದರೆ ಸಾಮಾನ್ಯವಾಗಿ ಇದು ಉಲ್ಟಾ. ನೀರು ಧಾರಾಳವಾಗಿ ಬರುತ್ತದೆ, ಜೊತೆಗೆ ಟಿಡಿಎಸ್ಸೂ ಏರುತ್ತದೆ.

ಅಂದ ಹಾಗೆ ಆ 42 ಯಾವಾಗ ಅಳೆದಿದ್ದು? ಯೂನಿಟ್ ಆನ್ ಮಾಡಿದ ಕೂಡಲೇ ಹಿಡಿದ ಮೊದಲ ಲೋಟದ್ದಾದರೆ ಆ ಅಂಕಿಯನ್ನು ಮರೆತುಬಿಡಿ. ಯೂನಿಟ್ ನಿಂತಿದ್ದಾಗ ಉಪ್ಪು ಮೆಂಬ್ರೇನ್‌ನ ಆಚೆ ಬದಿಗೂ ನಿಧಾನಕ್ಕೆ ಹರಡಿಕೊಂಡಿರುತ್ತದೆ. ಹತ್ತು ಹದಿನೈದು ನಿಮಿಷ ಓಡಿಸಿ, ಆಮೇಲೆ ಅಳೆಯಿರಿ. ಡಿಐಗೆ ಹೋಗುವ ಮುಂಚೆ ಪೈಪ್ ಕವಲೊಡೆಸುವ ಒಂದು ಟಿ ಮತ್ತು ವಾಲ್ವ್ ಹಾಕಿ ಆ ಮೊದಲ ನೀರನ್ನು ಹೊರಗೆ ಬಿಟ್ಟರೆ ರೆಸಿನ್ ಎಷ್ಟೋ ಉಳಿಯುತ್ತದೆ. ದಿನಕ್ಕೆ ಹತ್ತು ಸಲ ಐದೈದು ನಿಮಿಷ ಓಡಿಸುವುದಕ್ಕಿಂತ ವಾರಕ್ಕೊಮ್ಮೆ ಡ್ರಮ್ ಪೂರ್ತಿ ತುಂಬಿಸುವುದು ಒಳ್ಳೆಯದು ಅನ್ನುವುದೂ ಇದಕ್ಕೇ.

ಈಗ ಮಗ್. ಒಳ್ಳೆಯ ನೀರಿನ ಪೈಪನ್ನು ಅಳತೆ ಗೆರೆ ಇರುವ ಮಗ್‌ಗೆ ಒಂದು ನಿಮಿಷ ಬಿಡಿ. 75 ಜಿಪಿಡಿ ಅಂದರೆ ದಿನಕ್ಕೆ ಸುಮಾರು 284 ಲೀಟರ್, ನಿಮಿಷಕ್ಕೆ ಹತ್ತಿರ ಹತ್ತಿರ 200 ಮಿಲಿ. ಇದು 25 ಡಿಗ್ರಿ ನೀರು, 50–60 ಪಿಎಸ್‌ಐ ಒತ್ತಡದ ಲೆಕ್ಕ. ನೀರು ತಣ್ಣಗಿದ್ದರೆ ಡಿಗ್ರಿಗೆ ಶೇ. 3ರಷ್ಟು ಕಳೆಯಿರಿ. ಇನ್ನೊಂದು ನಿಮಿಷ ವೇಸ್ಟ್ ಪೈಪ್, ಅಂದರೆ ಮೆಂಬ್ರೇನ್ ತಡೆದ ಉಪ್ಪುನೀರು ಹೊರಹೋಗುವ ಪೈಪ್, ಹಿಡಿಯಿರಿ. ಅದು ಒಳ್ಳೆಯ ನೀರಿನ ಮೂರು ನಾಲ್ಕು ಪಟ್ಟು ಇರಬೇಕು. ಎರಡೂ ಕಮ್ಮಿ ಬಂದರೆ ಒಳಗೆ ಬರುವ ನೀರೇ ಸಾಲುತ್ತಿಲ್ಲ: ಸೆಡಿಮೆಂಟ್ ಕಟ್ಟಿದೆ ಅಥವಾ ನಲ್ಲಿಯಲ್ಲೇ ಒತ್ತಡ ಇಲ್ಲ. 40 ಪಿಎಸ್‌ಐಗಿಂತ ಕೆಳಗಿದ್ದರೆ ಬೂಸ್ಟರ್ ಪಂಪ್ ಬೇಕೇ ಬೇಕು. ವೇಸ್ಟ್ ಮಾತ್ರ ತೀರಾ ಸಣ್ಣಗಿದ್ದರೆ ವೇಸ್ಟ್ ಹರಿವನ್ನು ಮಿತಿಯಲ್ಲಿಡುವ ಫ್ಲೋ ರಿಸ್ಟ್ರಿಕ್ಟರ್ ಕಟ್ಟಿದೆ, ಅದನ್ನು ಹಾಗೇ ಬಿಟ್ಟರೆ ಮೆಂಬ್ರೇನ್ ಮೇಲೆ ಸುಣ್ಣ ಕೂರುವುದು ಖಂಡಿತ. ವೇಸ್ಟ್ ಸರಿಯಾಗಿದ್ದು ಒಳ್ಳೆಯ ನೀರೊಂದೇ ಇಳಿದಿದ್ದರೆ ಆಗ ಮೆಂಬ್ರೇನ್ ಮೇಲೆ ಬೆರಳು ತೋರಿಸಬಹುದು.

ಎಂಟು ತಿಂಗಳಲ್ಲಿ ಸೆಡಿಮೆಂಟ್ ಒಮ್ಮೆಯೂ ಬದಲಿಸಿಲ್ಲ ಅಂದಿರಿ, ಅಲ್ವಾ? ಅದರ ಹೌಸಿಂಗ್ (ಹೊರ ಡಬ್ಬಿ) ಬಿಚ್ಚಿ ನೋಡಿ. ಹೊಸದರಲ್ಲಿ ಹಾಲಿನಂತೆ ಬಿಳಿ ಇದ್ದದ್ದು ಈಗ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬಂದು, ಮುಟ್ಟಿದರೆ ಬೆರಳಿಗೆ ಲೋಳೆ ಅಂಟುತ್ತಿದ್ದರೆ ಇನ್ನೇನೂ ಹುಡುಕಬೇಡಿ. ತೊಳೆದು ಮತ್ತೆ ಹಾಕಬೇಡಿ, ಹೊರಗಿನ ಕೆಸರು ಹೋದರೂ ಒಳಗಿನದು ಹೋಗುವುದಿಲ್ಲ. ಜೊತೆಗೇ ಕಾರ್ಬನ್ನೂ ಬದಲಿಸಿ. ಕಾರ್ಬನ್ ಸತ್ತಿದೆಯೋ ಇಲ್ಲವೋ ಟಿಡಿಎಸ್ ಮೀಟರ್ ಹೇಳುವುದಿಲ್ಲ, ಅದಕ್ಕೆ ಕ್ಲೋರಿನ್ ಟೆಸ್ಟ್ ಕಿಟ್ ಬೇಕು. ವೇಸ್ಟ್ ನೀರಲ್ಲೇ ಟೆಸ್ಟ್ ಮಾಡಿ, ಅದೂ ಕಾರ್ಬನ್ ದಾಟಿಯೇ ಬಂದ ನೀರು. ಅಲ್ಲಿ ಕ್ಲೋರಿನ್ ಕಂಡರೆ ಮೆಂಬ್ರೇನ್ ದಿನ ಎಣಿಸುತ್ತಿದೆ ಅಂತಲೇ ತಿಳಿಯಿರಿ.

ಹೊಸ ಕಾರ್ಬನ್ ಹಾಕಿದಾಗ ಮೆಂಬ್ರೇನ್‌ಗೆ ಹೋಗುವ ಪೈಪ್ ಬಿಚ್ಚಿಟ್ಟು ನೀರು ಬಕೆಟ್‌ಗೆ ಹೋಗಲಿ. ಮೊದಲು ಮಸಿಯಂತೆ ಕಪ್ಪಗೆ ಬರುತ್ತದೆ, ತಿಳಿಯಾದ ಮೇಲೆ ಪೈಪ್ ಜೋಡಿಸಿ. ಈ ಐದು ನಿಮಿಷದ ಕೆಲಸವನ್ನು ಸೋಮಾರಿತನದಿಂದ ಬಿಡುವವರೇ ಜಾಸ್ತಿ.

ನನ್ನದೂ ಒಂದು ಪೆದ್ದುತನ ಹೇಳಿಬಿಡುತ್ತೇನೆ. ಒಮ್ಮೆ ಟಿಡಿಎಸ್ 30 ದಾಟಿತು ಅಂತ ಯೋಚನೆ ಮಾಡದೆ ಹೊಸ ಮೆಂಬ್ರೇನ್ ತಂದೆ. ಹಾಕಿ, ಮೊದಲ ಕೆಲವು ಗಂಟೆಯ ನೀರು ಚೆಲ್ಲಿ, ಅಳೆದರೆ ಮತ್ತೆ 30! ಬಿಚ್ಚಿ ಬೆಳಕಿಗೆ ಹಿಡಿದೆ. ಮೆಂಬ್ರೇನ್ ನಡುವಿನ ಕೊಳವೆ ಹೋಗಿ ಕೂರುವ ಜಾಗದಲ್ಲಿ, ಹೌಸಿಂಗ್‌ನ ತಳದ ಬಾಯಲ್ಲಿ, ಗೀರು. ಕೂದಲೆಳೆಯಷ್ಟು. ಕೊಳವೆ ತುದಿಯ ಎರಡು ಸಣ್ಣ ಓ-ರಿಂಗ್‌ಗಳು (ರಬ್ಬರ್ ಬಳೆಗಳು) ಆ ಗೀರನ್ನು ಮುಚ್ಚುತ್ತಿರಲಿಲ್ಲ, ಉಪ್ಪುನೀರು ಅಲ್ಲಿಂದಲೇ ಒಳ್ಳೆಯ ನೀರಿಗೆ ನುಸುಳುತ್ತಿತ್ತು. ಹಳೇ ಮೆಂಬ್ರೇನ್ ಚೆನ್ನಾಗೇ ಇತ್ತು, ನಾನು ಅದನ್ನು ಬಿಸಿಲಲ್ಲಿ ಬಿಟ್ಟು ಒಣಗಿಸಿಬಿಟ್ಟಿದ್ದೆ. ಒಮ್ಮೆ ನೆನೆದ ಮೆಂಬ್ರೇನ್ ಒಣಗಿದರೆ ಕತೆ ಮುಗಿಯಿತು. ಹಾಗಾಗಿ ಬಿಚ್ಚಿದರೆ ಓ-ರಿಂಗ್ ಮತ್ತು ಅದು ಕೂರುವ ಜಾಗ ಎರಡನ್ನೂ ಬೆರಳಲ್ಲಿ ಸವರಿ ನೋಡಿ. ಸಿಲಿಕೋನ್ ಗ್ರೀಸ್ ತೆಳ್ಳಗೆ ಹಚ್ಚಿ, ವ್ಯಾಸಲೀನ್ ಬೇಡ.

ರೆಸಿನ್ ವಿಷಯ ಚಿಕ್ಕದು. ಡಿಐ ದಾಟಿದ ನೀರು 0 ಬಿಟ್ಟು 1, 2 ತೋರಿಸಲು ಶುರುವಾದರೆ ಬದಲಿಸಿ. ಸಿಲಿಕಾ ಅದಕ್ಕೂ ಮುಂಚೆಯೇ ನುಸುಳುತ್ತದೆ, ಅದು ಮೀಟರ್‌ಗೆ ಕಾಣುವುದಿಲ್ಲ. ಗಾಜಿನ ಮೇಲೆ ಕಂದು ಪಾಚಿ ಮತ್ತೆ ಮತ್ತೆ ಬರುತ್ತಿದ್ದರೆ ಇದನ್ನೂ ಅನುಮಾನಿಸಿ.

ಸದ್ಯಕ್ಕೆ ಗಾಬರಿ ಬೇಡ, 42 ಮೀನು ಸಾಯಿಸುವ ಅಂಕಿಯಲ್ಲ. ಸೆಡಿಮೆಂಟ್, ಕಾರ್ಬನ್ ಎರಡೂ ಬದಲಿಸಿ, ಅರ್ಧ ಗಂಟೆ ಓಡಿಸಿ, ಎರಡು ಮಗ್‌ಗಳ ಅಳತೆ ಮತ್ತು ಹೊಸ ಟಿಡಿಎಸ್ ಇಲ್ಲಿ ಹಾಕಿ. ಮೆಂಬ್ರೇನ್ ಮಾತು ಆಮೇಲೆ ಆಡೋಣ.